ರಖ್ಮಾಬಾಯಿಯ ಮೇಲೆ ಹಾಕಿದ ಕೇಸನ್ನು ನಾನು ಇನ್ನೂ ಟೈಪ್ ಮಾಡುತ್ತಿದ್ದೇನೆ

ಕೇಂದ್ರ ಕಾನೂನು ಸಚಿವರಿಗೆ ಮತ್ತು ಕರ್ನಾಟಕದಿಂದ ಲೋಕಸಭೆಗೆ ಆರಿಸಿಹೋದ 28 ಸದಸ್ಯರಿಗೆ,

ನಮಸ್ಕಾರ.

ನಾನು ಧಾರವಾಡ ಜಿಲ್ಲೆಯ ಒಂದು ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡವಳು. ಅಂಗಡಿ ಎಂದರೆ ಎಂಟಡಿ ಅಗಲದ ಒಂದು ಕೋಣೆ, ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಮಷೀನು. 22 ವರ್ಷ ಆಯಿತು. ವಕೀಲರು ಬರೆದುಕೊಟ್ಟದ್ದನ್ನು 'ನುಡಿ' ಸಾಫ್ಟ್‌ವೇರಿನಲ್ಲಿ ಹೊಡೆದು, ಪ್ರಿಂಟ್ ತೆಗೆದು, ದಾರ ಪೋಣಿಸಿ ಕೊಡುವುದು ನನ್ನ ಕೆಲಸ. ಕಾನೂನು ಓದಿದವಳಲ್ಲ. ಆದರೂ ಕೆಲವು ಕಲಂಗಳು ಬಾಯಿಪಾಠ ಆಗಿವೆ. ಬೆರಳುಪಾಠ ಅಂದರೂ ಸರಿ.

ನನ್ನ ಕಂಪ್ಯೂಟರಿನಲ್ಲಿ 'ಆರ್‌ಸಿಆರ್ ಹೊಸದು' ಅಂತ ಒಂದು ಫೈಲ್ ಇದೆ. ಹೆಸರಿಗೆ ಹೊಸದು, 2006ರಿಂದ ಅದೇ ಇದೆ. ಹಿಂದೂ ವಿವಾಹ ಕಾಯ್ದೆಯ ಕಲಂ 9ರ ಅರ್ಜಿಯ ಮಾದರಿ ಅದು. ವೈವಾಹಿಕ ಹಕ್ಕುಗಳ ಮರುಸ್ಥಾಪನೆ, ಇಂಗ್ಲಿಷಿನಲ್ಲಿ ರೆಸ್ಟಿಟ್ಯೂಷನ್ ಆಫ್ ಕಾಂಜುಗಲ್ ರೈಟ್ಸ್, ಅದೇ ಆರ್‌ಸಿಆರ್. ಕೋರ್ಟಿನ ಆವರಣದಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ. 'ನಾಂದಾಕ ಬಾ ಅಂತ ಕೇಸ್ ಹಾಕ್ಯಾನ' ಅನ್ನುತ್ತಾರೆ. ನಾಂದುವುದು ಅಂದರೆ ಗಂಡನ ಮನೆಯಲ್ಲಿ ಬಾಳುವೆ ಮಾಡುವುದು. ಬೆಂಗಳೂರು, ಮೈಸೂರು ಕಡೆಯ ಸಂಸದರಿಗೆ ಗೊತ್ತಿರಲಿ ಅಂತ ಹೇಳಿದೆ. ಮರಾಠಿಯಲ್ಲೂ ಇದೇ ಮಾತು.

ಫೈಲ್ ಹೀಗೆ ಶುರುವಾಗುತ್ತದೆ: 'ಅರ್ಜಿದಾರನು ಎದುರುದಾರಳನ್ನು ಪ್ರೀತಿ ವಿಶ್ವಾಸದಿಂದ ನಡೆಸಿಕೊಂಡು ಬಂದಿದ್ದು, ಎದುರುದಾರಳು ಯಾವುದೇ ಸಕಾರಣವಿಲ್ಲದೆ ತವರುಮನೆಗೆ ಹೋಗಿ ಕುಳಿತಿದ್ದು...' ಹೆಸರು, ಊರು, ಮದುವೆಯ ತಾರೀಖು ಬದಲಿಸಿದರೆ ಆಯಿತು. ಇಪ್ಪತ್ತು ನಿಮಿಷದ ಕೆಲಸ. ಒಂದು ಸಲ ಐದನೇ ಪ್ಯಾರಾದಲ್ಲಿ ಹಿಂದಿನ ಅರ್ಜಿಯ ಹೆಂಡತಿಯ ಹೆಸರು ಹಾಗೇ ಉಳಿದುಬಿಟ್ಟಿತ್ತು. ತಪ್ಪು ನನ್ನದೇ. ಆದರೆ ಗಂಡ ಓದಿ, 'ಇದೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ' ಅಂತ ಸಹಿ ಹಾಕಿದ್ದ. ಎರಡು ತಾರೀಖು ಕಳೆಯುವವರೆಗೂ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಪ್ರೀತಿ ವಿಶ್ವಾಸದಿಂದ ನಡೆಸಿಕೊಂಡು ಬಂದ ಹೆಂಡತಿಯ ಹೆಸರು!

ಈ ಫೈಲು ನನ್ನ ಕಂಪ್ಯೂಟರಿನಿಂದ ಹೋಗಬೇಕು. ಅದನ್ನು ಕೇಳಲಿಕ್ಕೇ ಈ ಪತ್ರ. ಯಾಕೆ ಅಂತ ಹೇಳಬೇಕಾದರೆ ಮುಂಬೈಗೆ, ಅದೂ 1884ಕ್ಕೆ ಹೋಗಬೇಕು.

2017ರ ನವೆಂಬರ್ 22ರಂದು ಬೆಳಿಗ್ಗೆ ಗೂಗಲ್ ತೆರೆದರೆ ಸೀರೆ ಉಟ್ಟು ಸ್ಟೆತಾಸ್ಕೋಪ್ ಹಾಕಿಕೊಂಡ ಒಬ್ಬ ಹೆಂಗಸಿನ ಚಿತ್ರ ಇತ್ತು. ಡಾಕ್ಟರ್ ರಖ್ಮಾಬಾಯಿ. ಸುಮ್ನೆ ಕುತೂಹಲಕ್ಕೆ ಒತ್ತಿ ಓದಿದೆ. ಓದುತ್ತಾ ಹೋದಂತೆ ನನ್ನ ಫೈಲಿನ ಶೀರ್ಷಿಕೆಯೇ ಅಲ್ಲಿ ಕಂಡಿತು. ಅದೇ ಕೇಸು. ಅದೇ ಪ್ರಾರ್ಥನೆ. ಆವತ್ತಿನಿಂದ ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ರಖ್ಮಾಬಾಯಿ ಹುಟ್ಟಿದ್ದು 1864ರಲ್ಲಿ. ಬಡಗಿ ಸಮುದಾಯದವರು. ತಾಯಿ ಜಯಂತಿಬಾಯಿ ಚಿಕ್ಕ ವಯಸ್ಸಿಗೇ ವಿಧವೆ. ಆ ಸಮುದಾಯದಲ್ಲಿ ಮರುಮದುವೆ ನಡೆಯುತ್ತಿತ್ತು, ಹಾಗಾಗಿ ಆಕೆ ಸಖಾರಾಮ್ ಅರ್ಜುನ್ ಎಂಬ ಡಾಕ್ಟರನ್ನು ಮದುವೆಯಾದರು. ರಖ್ಮಾಬಾಯಿಗೆ 11 ವರ್ಷಕ್ಕೆ ಮದುವೆ ಮಾಡಿದರು. ಹುಡುಗ ದಾದಾಜಿ ಭಿಕಾಜಿ, ಅವನಿಗೆ 19ರ ಆಸುಪಾಸು. ಹುಡುಗಿ ತಾಯಿಯ ಮನೆಯಲ್ಲೇ ಉಳಿದಳು. ಮಲತಂದೆ ಓದುವವರು, ಮನೆಗೆ ಓದುವವರೇ ಬರುತ್ತಿದ್ದರು. ಹುಡುಗಿಯೂ ಮಿಷನ್ ಲೈಬ್ರರಿಯಿಂದ ಪುಸ್ತಕ ತಂದು ಓದಿಕೊಂಡಳು. ಅತ್ತ ದಾದಾಜಿ ಓದು ಬಿಟ್ಟು, ಸೋದರಮಾವನ ಮನೆ ಸೇರಿ, ಕಾಯಿಲೆ ಬಿದ್ದು ಕೂತಿದ್ದ. 1884ರಲ್ಲಿ ಅವನು ಬಾಂಬೆ ಹೈಕೋರ್ಟಿಗೆ ಹೋದ. ಹೆಂಡತಿಯನ್ನು ನಾಂದಲು ಕಳಿಸಿಕೊಡಿ ಅಂತ.

ಈಕೆ ಹೋಗುವುದಿಲ್ಲ ಅಂದಳು. ಏನೂ ತಿಳಿಯದ ವಯಸ್ಸಿನಲ್ಲಿ ಕಟ್ಟಿದ ತಾಳಿ, ನಾನು ಒಪ್ಪಿದ ಮದುವೆ ಅಲ್ಲ ಅಂದಳು.

1885ರ ಸೆಪ್ಟೆಂಬರಿನಲ್ಲಿ ಕೇಸು ನ್ಯಾಯಮೂರ್ತಿ ಪಿನ್ಹೆ ಮುಂದೆ ಬಂತು. ಅವರು ಹೇಳಿದ ಒಂದು ಮಾತು ನನಗೆ ಬಹಳ ಇಷ್ಟ. ಇಬ್ಬರೂ ಒಂದು ದಿನವೂ ಕೂಡಿ ಬಾಳಿಲ್ಲ, ಹಾಗಿರುವಾಗ 'ಮರು'ಸ್ಥಾಪನೆ ಎಲ್ಲಿಂದ ಬಂತು ಅಂತ. ಇಪ್ಪತ್ತೆರಡು ವರ್ಷ ಆ 'ಮರು' ಅನ್ನುವ ಎರಡಕ್ಷರ ಟೈಪ್ ಮಾಡಿದ ನನಗೆ ಇದು ಒಂದು ದಿನವೂ ಹೊಳೆದಿರಲಿಲ್ಲ. ಇಷ್ಟವಿಲ್ಲದ ಗಂಡಸಿನ ಹತ್ತಿರ ಹೋಗು ಅಂತ ಒಬ್ಬ ಹೆಣ್ಣುಮಗಳನ್ನು ಬಲವಂತ ಮಾಡುವುದು ಅನಾಗರಿಕ, ಕ್ರೂರ, ಹೇಸಿಗೆಯ ಕೆಲಸ ಅಂತಲೂ ಅವರು ಹೇಳಿದರು. ಇಂಥ ದಾವೆಗೆ ಹಿಂದೂ ಧರ್ಮಶಾಸ್ತ್ರದಲ್ಲಿ ಆಧಾರ ಇಲ್ಲ, ಇದು ಇಂಗ್ಲೆಂಡಿನಿಂದ ಬಂದದ್ದು ಅಂದು ದಾವೆ ವಜಾ ಮಾಡಿದರು.

ಊರೆಲ್ಲ ಹತ್ತಿಕೊಂಡಿತು. ಹಿಂದೂ ಧರ್ಮಕ್ಕೆ ಕೇಡು ಬಂತು ಅಂತ ಪತ್ರಿಕೆಗಳು ಬರೆದವು. ತಿಲಕರ ಪತ್ರಿಕೆಯೂ ಬರೆಯಿತು. ತಿಲಕರ ಫೋಟೋಕ್ಕೆ ಕೈಮುಗಿಯುವ ಮನೆಯವಳು ನಾನು, ಆದರೂ ಇದನ್ನು ಮುಚ್ಚಿಡಲಾರೆ. ತಮಾಷೆ ಏನೆಂದರೆ, ಧರ್ಮ ಅಂತ ಅವರು ಕಾಯಲು ಹೊರಟದ್ದು ಇಂಗ್ಲೆಂಡಿನ ಚರ್ಚಿನ ಕೋರ್ಟುಗಳ ಪದ್ಧತಿಯನ್ನು. ಬೇರೆಯವರ ಕೂಸಿಗೆ ನಮ್ಮ ಮನೆದೇವರ ಹೆಸರಿಟ್ಟು ತೊಟ್ಟಿಲು ತೂಗಿದ ಹಾಗೆ. ಅಷ್ಟೇ ಅಲ್ಲ. ಗಂಡನ ಹತ್ತಿರ ಹೋಗದ, ಹೆಂಡತಿಯ ಹತ್ತಿರ ಹೋಗದ ತಪ್ಪಿಗೆ ಜೈಲಿಗೆ ಹಾಕುವುದನ್ನು ಇಂಗ್ಲೆಂಡು 1884ರಲ್ಲೇ ನಿಲ್ಲಿಸಿತ್ತು. ದಾದಾಜಿ ಇಲ್ಲಿ ಕೇಸು ಹಾಕಿದ್ದೂ ಅದೇ ವರ್ಷ.

ನಮ್ಮಲ್ಲಿ ಜೈಲು ಉಳಿಯಿತು. 1886ರಲ್ಲಿ ಮೇಲ್ಮನವಿಯಲ್ಲಿ ಪಿನ್ಹೆಯವರ ತೀರ್ಪು ಬಿದ್ದುಹೋಯಿತು. ಕೇಸು ಮತ್ತೆ ಕೆಳಗೆ ಬಂತು. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫ್ಯಾರನ್ ಹೇಳಿದರು: ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲು. ರಖ್ಮಾಬಾಯಿಗೆ ಆಗ 22 ವರ್ಷ. ಜೈಲಿಗೇ ಹೋಗುತ್ತೇನೆ ಅಂದಳು.

ಇಲ್ಲಿ ಒಂದು ಮಾತು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಬಾಂಬೆ ಹೈಕೋರ್ಟಿನ ಮಾತನ್ನು ಇಲ್ಲಿಯ ಕೋರ್ಟುಗಳೂ ಕೇಳಬೇಕಿತ್ತು. ಹಾಗಾಗಿ ಇದನ್ನು ದೂರದ ಊರಿನ ಕತೆ ಅಂದುಕೊಳ್ಳಬೇಡಿ. ಆಗ ನಮ್ಮ ಓಣಿಯ ಯಾವಳಾದರೂ ತವರಿನಲ್ಲಿ ಕುಂತಿದ್ದರೆ ಅವಳ ಹಣೆಬರಹವೂ ಆ ತೀರ್ಪಿನಲ್ಲೇ ಇತ್ತು.

ರಖ್ಮಾಬಾಯಿ ಸುಮ್ಮನೆ ಕೂಡಲಿಲ್ಲ, ಪತ್ರ ಬರೆದಳು. ಕೇಸು ವಿಚಾರಣೆಗೆ ಬರುವ ಮೊದಲೇ, 1885ರ ಜೂನ್ 26ರ ಟೈಮ್ಸ್ ಆಫ್ ಇಂಡಿಯಾದಲ್ಲಿ ಬಾಲ್ಯವಿವಾಹದ ಬಗ್ಗೆ 'ಒಬ್ಬ ಹಿಂದೂ ಹೆಂಗಸು' ಎಂಬ ಹೆಸರಿನಲ್ಲಿ ಒಂದು ಪತ್ರ ಬಂತು. ಸೆಪ್ಟೆಂಬರಿನಲ್ಲಿ ವಿಧವೆಯರ ಪಾಡಿನ ಬಗ್ಗೆ ಇನ್ನೊಂದು. ಬಾಲ್ಯವಿವಾಹ ನನ್ನ ಬಾಳಿನ ಸುಖವನ್ನೇ ಕೆಡಿಸಿತು, ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ಓದಿಗೂ ನನಗೂ ನಡುವೆ ಅದು ಬಂದು ನಿಂತಿತು ಅಂತ ಬರೆದಿದ್ದಳು. ಅತ್ತೆ ಬೈದಳು, ಗಂಡ ಹೊಡೆದ ಅಂತಲ್ಲ. ಓದಲು ಬಿಡಲಿಲ್ಲ ಅಂತ! ನನ್ನ ಫೈಲಿನಲ್ಲಿ 'ಸಕಾರಣ' ಅನ್ನುವ ಪದ ಬಂದಾಗಲೆಲ್ಲ ಇದು ನೆನಪಾಗುತ್ತದೆ. ಓದುವ ಆಸೆಯನ್ನು ಸಕಾರಣ ಅಂತ ಯಾವ ವಕೀಲರೂ ನನ್ನ ಕೈಲಿ ಇಷ್ಟು ವರ್ಷದಲ್ಲಿ ಟೈಪ್ ಮಾಡಿಸಿಲ್ಲ.

ತೀರ್ಪಿನ ನಂತರ ಲಂಡನ್ನಿನ ಪತ್ರಿಕೆಯಲ್ಲೂ ಆಕೆಯ ಪತ್ರ ಬಂತು. ಸಮಾಜ ಸುಧಾರಕ ಬೆಹ್ರಾಮ್‌ಜಿ ಮಲಬಾರಿಯಂಥವರು ಬೆನ್ನಿಗೆ ನಿಂತರು. ಪಂಡಿತಾ ರಮಾಬಾಯಿ ಆಕೆಯ ಪರ ಮಾತಾಡಿದರು. ವಿಕ್ಟೋರಿಯಾ ರಾಣಿಯೇ ಅಡ್ಡ ಬಂದು ಮದುವೆ ರದ್ದು ಮಾಡಿದಳು ಅಂತ ವಾಟ್ಸಾಪ್‌ನಲ್ಲಿ ಒಂದು ಕತೆ ಓಡಾಡುತ್ತದೆ. ಕೇಳಲು ಚೆಂದ. ನಡೆದದ್ದು ಬೇರೆ. 1888ರ ಜುಲೈನಲ್ಲಿ ರಾಜಿ ಆಯಿತು. ದಾದಾಜಿ 2,000 ರೂಪಾಯಿ ತೆಗೆದುಕೊಂಡು ಡಿಕ್ರಿ, ಅಂದರೆ ಕೋರ್ಟಿನ ಆಜ್ಞೆ, ಜಾರಿ ಮಾಡಿಸುವುದನ್ನು ಬಿಟ್ಟ. ಮರುವರ್ಷ ಅವನು ಇನ್ನೊಂದು ಮದುವೆ ಆದ. ನಮ್ಮ ಕೋರ್ಟಿನ ಕಟ್ಟೆಯ ಮೇಲೆ ಕೂತವರಿಗೆ ಈ ಕತೆಯ ಕೊನೆ ಓದದೆಯೂ ಗೊತ್ತಿರುತ್ತದೆ.

ರಖ್ಮಾಬಾಯಿ ಲಂಡನ್ನಿಗೆ ಹೋಗಿ ಡಾಕ್ಟರ್ ಆಗಿ ಬಂದಳು. ಸೂರತ್ತಿನಲ್ಲಿ, ಆಮೇಲೆ ರಾಜಕೋಟೆಯಲ್ಲಿ ಹೆಂಗಸರ ಆಸ್ಪತ್ರೆ ನಡೆಸಿದಳು. ಮತ್ತೆ ಮದುವೆ ಆಗಲಿಲ್ಲ. 1904ರಲ್ಲಿ ದಾದಾಜಿ ಸತ್ತಾಗ ಈಕೆ ವಿಧವೆಯ ಬಿಳಿ ಸೀರೆ ಉಟ್ಟಳಂತೆ. ಇದನ್ನು ಓದಿ ನನಗೆ ಸ್ವಲ್ಪ ಬೇಜಾರೇ ಆಯಿತು. ಆಮೇಲೆ ಅನಿಸಿತು, ಅದು ಅವಳ ಇಷ್ಟ. ಅವಳು ಜಗಳ ಆಡಿದ್ದೂ ಅದಕ್ಕೇ ಅಲ್ವಾ?

ಈಗ ನಿಮಗೆ ಸೇರಿದ ಭಾಗಕ್ಕೆ ಬರುತ್ತೇನೆ.

ರಖ್ಮಾಬಾಯಿ ತೀರಿಕೊಂಡದ್ದು 1955ರ ಸೆಪ್ಟೆಂಬರ್ 25ರಂದು, 90ರ ವಯಸ್ಸಿನಲ್ಲಿ. ಅದೇ ವರ್ಷದ ಮೇ 18ರಂದು ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದಿತ್ತು. ಅದರ ಕಲಂ 9, ಆಕೆಯ ಮೇಲೆ ಹಾಕಿದ್ದ ಅದೇ ದಾವೆ. ಅಂದರೆ ಆ ಅಜ್ಜಿ ಇನ್ನೂ ಬದುಕಿರುವಾಗಲೇ ನೀವು ಕೂರುವ ಅದೇ ಸಂಸತ್ತು ಅದನ್ನು ಮತ್ತೆ ಕೂರಿಸಿತು, ಈ ಸಲ ಸ್ವತಂತ್ರ ಭಾರತದ ಮುದ್ರೆ ಒತ್ತಿ. ಆಗಲೂ ವಿರೋಧಿಸಿದವರು ಇದ್ದರು. ಇದು ದೇಹಕ್ಕೂ ಒಗ್ಗದ್ದು, ನೀತಿಗೂ ಬೇಡದ್ದು, ನೋಡಲೂ ಅಸಹ್ಯ ಅಂತ ಆಚಾರ್ಯ ಕೃಪಲಾನಿ ಸದನದಲ್ಲೇ ಹೇಳಿದ್ದರು. ಕೇಳಲಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯ ಕಲಂ 22 ಕೂಡ ಇದೇ. ಇಷ್ಟಪಟ್ಟು ರಿಜಿಸ್ಟರ್ ಮದುವೆ ಆದವರಿಗೂ ಬಿಡುಗಡೆ ಇಲ್ಲ.

ಕೂಸನ್ನು ಹೆತ್ತವರು ಏನು ಮಾಡಿದರು? ಇಂಗ್ಲೆಂಡು 1970ರಲ್ಲಿ ಕಾನೂನು ಮಾಡಿ ಈ ದಾವೆಯನ್ನೇ ಕಿತ್ತುಹಾಕಿತು. ನಾವು 1976ರಲ್ಲಿ ಕಲಂ 9ಕ್ಕೆ ಒಂದು ವಿವರಣೆ ಸೇರಿಸಿದೆವು. ಮನೆ ಬಿಟ್ಟುಬಂದವರೇ ಸಕಾರಣ ಇತ್ತು ಅಂತ ಸಾಬೀತು ಮಾಡಬೇಕು. ರಾತ್ರಿ ಹನ್ನೊಂದಕ್ಕೆ ಮಗು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿಬಂದವಳು ಸಾಕ್ಷಿಗೆ ಯಾರನ್ನು ತರಬೇಕು? ಕಂಡಕ್ಟರನ್ನಾ?

ಜೈಲು ಈಗ ಇಲ್ಲ. 1923ರಲ್ಲಿ ಹೋಯಿತು. ಆದರೆ ಡಿಕ್ರಿಗೆ ಸೊಪ್ಪು ಹಾಕದಿದ್ದರೆ ಆಸ್ತಿ ಜಪ್ತಿ ಮಾಡಿಸುವ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 32ರಲ್ಲಿ ಇವತ್ತಿಗೂ ಇದೆ. ಜೈಲು ಹೋಗಿರುವುದು ಕೋರ್ಟಿನ ಒಳಗಿನವರಿಗೆ ಗೊತ್ತು. ಹೊರಗಿನವರಿಗೆ?

ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಒಬ್ಬ ಹುಡುಗಿ ನನ್ನ ಅಂಗಡಿಗೆ ಬಂದಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ನೋಟಿಸನ್ನು ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿ, ಕುಬಸದೊಳಗೆ ಇಟ್ಟುಕೊಂಡು ಬಂದಿದ್ದಳು. ತೆಗೆದು ಟೇಬಲ್ ಮೇಲೆ ಬಿಡಿಸಿಟ್ಟಳು. ಎಷ್ಟು ಸಲ ಮಡಚಿ ತೆಗೆದಿದ್ದಳೋ, ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿಹೋಗಿತ್ತು. ಝೆರಾಕ್ಸ್ ಬೇಕಿತ್ತು. ಮಷೀನು ಬಿಸಿಯಾಗುವವರೆಗೆ ನಿಂತಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: 'ಅಕ್ಕಾರ, ಪೊಲೀಸ್ರು ಬಂದು ಎಳ್ಕೊಂಡ್ ಹೋಗಿ ಅವನ ಮನ್ಯಾಗ ಬಿಡ್ತಾರೇನ್ರಿ?'

ಇಲ್ಲ ಅಂದೆ. ಅವಳು ನಂಬಲಿಲ್ಲ. ನಂಬುವುದಾದರೂ ಹೇಗೆ? ಗಂಡ ಫೋನಿನಲ್ಲಿ ಹೇಳಿದ್ದೇ ಅದನ್ನು. ಆ ನೋಟಿಸಿನ ಹಿಂದಿದ್ದ ಅರ್ಜಿ ನೋಡಿದೆ. ನನ್ನದೇ ಫೈಲು. 'ಪ್ರೀತಿ ವಿಶ್ವಾಸದಿಂದ ನಡೆಸಿಕೊಂಡು ಬಂದಿದ್ದು.' ನಾನೇ ಹೊಡೆದುಕೊಟ್ಟದ್ದು. ಆ ಝೆರಾಕ್ಸಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅದರಿಂದ ಏನೂ ಆಗಲಿಲ್ಲ ಬಿಡಿ.

ಈ ಅರ್ಜಿ ಯಾವಾಗ ಬರುತ್ತದೆ ಅಂತ ನಿಮಗೆ ಹೇಳುತ್ತೇನೆ. ಹೆಂಡತಿಯ ನೆನಪು ಕಾಡಿದಾಗ ಅಲ್ಲ. ಅವಳು ಜೀವನಾಂಶ ಕೇಳಿ ಕೇಸು ಹಾಕಿದ ಹದಿನೈದು ದಿನಕ್ಕೆ. ನಾನು ಕರೆಯುತ್ತಿದ್ದೇನೆ, ಅವಳೇ ಬರುತ್ತಿಲ್ಲ, ನಾನ್ಯಾಕೆ ದುಡ್ಡು ಕೊಡಲಿ ಅನ್ನಲು ಒಂದು ಕಾಗದ ಬೇಕು. ಆ ಕಾಗದ ಇದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಾರ್ಖಂಡಿನ ಒಂದು ಕೇಸಿನಲ್ಲಿ, ಗಂಡನ ಕೈಯಲ್ಲಿ ಇಂಥ ಡಿಕ್ರಿ ಇದೆ ಅನ್ನುವ ಒಂದೇ ಕಾರಣಕ್ಕೆ ಜೀವನಾಂಶ ತಪ್ಪಿಸಲಾಗದು ಅಂದಿತು. ಆ ಹೆಣ್ಣುಮಗಳಿಗೆ ಗಂಡನ ಮನೆಯ ಪಾಯಖಾನೆ ಬಳಸಲೂ ಬಿಟ್ಟಿರಲಿಲ್ಲ, ಗ್ಯಾಸ್ ಒಲೆ ಹಚ್ಚಲೂ ಬಿಟ್ಟಿರಲಿಲ್ಲ. ಆದರೂ ಕೆಳಗಿನ ಕೋರ್ಟಿನಲ್ಲಿ 'ಹೋಗಿ ನಾಂದು' ಅಂತ ಡಿಕ್ರಿ ಆಗಿತ್ತು! ಒಳ್ಳೆಯ ತೀರ್ಪು, ಬಂದದ್ದಕ್ಕೆ ಸಂತೋಷ. ಆದರೆ ಅದು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು ನೋಡಿ.

ಹೆಂಗಸರೂ ಈ ಅರ್ಜಿ ಹಾಕುತ್ತಾರಲ್ಲ ಅಂತ ನೀವು ಕೇಳುತ್ತೀರಿ. ಹಾಕುತ್ತಾರೆ. ನಾನೇ ಟೈಪ್ ಮಾಡಿದ್ದೇನೆ. ಗಂಡ ಬಿಟ್ಟುಹೋದವಳು, ನನ್ನ ತಪ್ಪಿಲ್ಲ, ನಾನು ಬಾಳಲು ತಯಾರಿದ್ದೆ ಅಂತ ನಾಲ್ಕು ಜನಕ್ಕೆ ತೋರಿಸಲು ಹಾಕುತ್ತಾಳೆ. ಅವಳ ನೋವು ಸುಳ್ಳಲ್ಲ. ಆದರೆ ಅದರಿಂದ ಅವಳಿಗೆ ಏನು ಸಿಗುತ್ತದೆ? 1984ರಲ್ಲಿ ಸುಪ್ರೀಂ ಕೋರ್ಟು ಕಲಂ 9 ಸರಿ ಇದೆ ಅಂದದ್ದು ಸರೋಜ್ ರಾಣಿ ಕೇಸಿನಲ್ಲಿ. ಅಲ್ಲಿ ಗಂಡನನ್ನು ಕರೆಸಿಕೊಡಿ ಅಂತ ಅರ್ಜಿ ಹಾಕಿದವಳು ಹೆಂಡತಿಯೇ. ಗಂಡ ಒಪ್ಪಿ ಡಿಕ್ರಿ ಆಯಿತು. ವರ್ಷ ತುಂಬಿದ ಮೇಲೆ, ಡಿಕ್ರಿ ಆದರೂ ನಾವು ಕೂಡಿ ಬಾಳಿಲ್ಲ, ವಿಚ್ಛೇದನ ಕೊಡಿ ಅಂತ ಅದೇ ಗಂಡ ಬಂದ. ಕಲಂ 13ರಲ್ಲಿ ಅದಕ್ಕೆ ಅವಕಾಶ ಇದೆ. ವಿಚ್ಛೇದನ ಸಿಕ್ಕಿತು. ಹೆಂಡತಿ ಬಾಗಿಲು ತೆರೆಸಲು ಹಾಕಿದ ಅರ್ಜಿಯೇ ಬಾಗಿಲು ಮುಚ್ಚಲು ಬಳಕೆ ಆಯಿತು. ಸಂಸಾರ ಮುರಿಯದ ಹಾಗೆ ಈ ಕಲಂ ತಡೆಯುತ್ತದೆ ಅಂತ ಅದೇ ತೀರ್ಪು ಹೇಳಿತು. ನಾನು ಓದಿದವಳಲ್ಲ. ಓದಿದವರು ಯಾರಾದರೂ ನನಗೆ ಇದನ್ನು ಬಿಡಿಸಿ ಹೇಳಬೇಕು.

ಅದಕ್ಕೂ ಒಂದು ವರ್ಷ ಮೊದಲು, 1983ರಲ್ಲಿ, ಆಂಧ್ರ ಹೈಕೋರ್ಟಿನ ನ್ಯಾಯಮೂರ್ತಿ ಚೌಧರಿಯವರು ನಟಿ ಸರಿತಾ ಅವರ ಕೇಸಿನಲ್ಲಿ ಕಲಂ 9ನ್ನೇ ರದ್ದು ಮಾಡಿದ್ದರು. ಅನಾಗರಿಕ ಪರಿಹಾರ ಅಂತ ಕರೆದಿದ್ದರು. 98 ವರ್ಷದ ಹಿಂದೆ ಪಿನ್ಹೆ ಆಡಿದ್ದ ಅದೇ ಮಾತು. ಅದೇ ವರ್ಷ ದೆಹಲಿ ಹೈಕೋರ್ಟು ಇದನ್ನು ಒಪ್ಪಲಿಲ್ಲ. ಮನೆಯೊಳಗೆ ಸಂವಿಧಾನ ತರುವುದು ಪಿಂಗಾಣಿ ಅಂಗಡಿಗೆ ಗೂಳಿ ನುಗ್ಗಿಸಿದ ಹಾಗೆ ಅಂದಿತು. ಗೂಳಿ ಮೊದಲೇ ಒಳಗಿದೆ ಸ್ವಾಮಿ. ಹೆಣ್ಣುಮಗಳ ಕುಬಸದೊಳಗೆ ಮಡಚಿಟ್ಟ ಆ ಕೋರ್ಟ್ ನೋಟಿಸು ಮತ್ತೇನು?

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. 2019ರಲ್ಲಿ ಗುಜರಾತಿನ ಕಾನೂನು ವಿದ್ಯಾರ್ಥಿಗಳು ಅದನ್ನೇ ಆಧಾರ ಮಾಡಿಕೊಂಡು ಕಲಂ 9ರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ತನ್ನ ಕೆಲಸ ಮಾಡಲಿ. ನೀವು ಅದಕ್ಕೆ ಕಾಯಬೇಕಾಗಿಲ್ಲ. ಕಾನೂನು ಮಾಡಿದವರು ನೀವು, ತೆಗೆಯುವವರೂ ನೀವೇ.

ಸಮಾಜ ಇನ್ನೂ ತಯಾರಿಲ್ಲ ಅನ್ನುವ ಮಾತು ಬರುತ್ತದೆ. ಕರ್ನಾಟಕದ ಸಂಸದರಿಗೆ ಒಂದು ಹಳೇ ವಿಷಯ ನೆನಪು ಮಾಡುತ್ತೇನೆ. ಬ್ರಿಟಿಷರು 1891ರಲ್ಲಿ ಹುಡುಗಿಯ ಜೊತೆ ದೇಹಸಂಬಂಧಕ್ಕೆ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದರು, ಅಷ್ಟಕ್ಕೇ ದೇಶವೆಲ್ಲ ಗದ್ದಲ ಎದ್ದಿತು. ಬಾಲ್ಯವಿವಾಹಕ್ಕೆ ನೇರವಾಗಿ ಕೈಹಾಕುವ ಧೈರ್ಯ ಅವರಿಗೆ ಬರಲಿಲ್ಲ. ಮೈಸೂರು ಸಂಸ್ಥಾನ ಹಾಕಿತು. 1894ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 8 ವರ್ಷದೊಳಗಿನ ಹುಡುಗಿಯ ಮದುವೆ ನಿಷೇಧ ಆಯಿತು. 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದೂ ನಿಷೇಧ. ಎಂಟು ವರ್ಷ ಅಂದರೆ ಈಗ ನಮಗೆ ಏನೂ ಅಲ್ಲ ಅನಿಸಬಹುದು. ಆದರೆ ಆವತ್ತಿನ ಮೈಸೂರಿನ ಸಮಾಜ ಇವತ್ತಿನ ನಮಗಿಂತ ಜಾಸ್ತಿ ತಯಾರಿತ್ತೇ?

ಇನ್ನು ಕೆಲವರು 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಅನ್ನುತ್ತಾರೆ. ಸರಿ. ಉಣ್ಣಲು ಇಕ್ಕಿದ ಮನೆಗೆ ಆ ಗಾದೆ. ರಾಜಿ ಮಾಡಿಸಲು ಬೇರೆ ದಾರಿ ಇಲ್ಲವೇ? ಕೌಟುಂಬಿಕ ನ್ಯಾಯಾಲಯದಲ್ಲಿ ಆಪ್ತಸಮಾಲೋಚಕರಿದ್ದಾರೆ, ಮಧ್ಯಸ್ಥಿಕೆ ಕೇಂದ್ರಗಳಿವೆ. ಎಷ್ಟೋ ಜೋಡಿಗಳು ಅಲ್ಲಿ ಮಾತಾಡಿಕೊಂಡು, ನನ್ನ ಅಂಗಡಿಯ ಮುಂದೆಯೇ ಒಂದೇ ಬೈಕಿನಲ್ಲಿ ಮನೆಗೆ ಹೋಗಿದ್ದನ್ನು ನೋಡಿದ್ದೇನೆ. ಮಾತಿಗೆ ಕರೆಯುವುದು ಬೇರೆ. ಡಿಕ್ರಿ ಹಿಡಿದು ಹಾಸಿಗೆಗೆ ಕರೆಯುವುದು ಬೇರೆ.

ನಾನು ಕೇಳುವುದು ದೊಡ್ಡದೇನಲ್ಲ. ಹಿಂದೂ ವಿವಾಹ ಕಾಯ್ದೆಯ ಕಲಂ 9, ವಿಶೇಷ ವಿವಾಹ ಕಾಯ್ದೆಯ ಕಲಂ 22, ಉಳಿದ ವೈಯಕ್ತಿಕ ಕಾನೂನುಗಳಲ್ಲಿ ಇರುವ ಇದರ ಅಣ್ಣತಮ್ಮಂದಿರು, ಸಿವಿಲ್ ಸಂಹಿತೆಯಲ್ಲಿ ಈ ಡಿಕ್ರಿಗೆ ಜಪ್ತಿಯ ಬಲ ಕೊಡುವ ಸಾಲು, ಇವಿಷ್ಟನ್ನು ತೆಗೆಯುವ ಒಂದು ಮಸೂದೆ. ಎರಡು ಪುಟಕ್ಕಿಂತ ಜಾಸ್ತಿ ಆಗುವುದಿಲ್ಲ. ಬೇಕಾದರೆ ನಾನೇ ಟೈಪ್ ಮಾಡಿಕೊಡುತ್ತೇನೆ. ಸಚಿವರಿಂದ ಆಗದಿದ್ದರೆ 28 ಜನರಲ್ಲಿ ಯಾರಾದರೂ ಒಬ್ಬರು ಖಾಸಗಿ ಮಸೂದೆ ಆಗಿಯಾದರೂ ತನ್ನಿ.

ಇಷ್ಟು ಬರೆಯುವಷ್ಟರಲ್ಲಿ ಒಬ್ಬ ಜೂನಿಯರ್ ವಕೀಲ ಬಂದು ಚೀಟಿ ಇಟ್ಟುಹೋದ. ನಾಳೆ ಬೆಳಿಗ್ಗೆಗೆ ಬೇಕಂತೆ. ಗಂಡನ ಹೆಸರು, ಹೆಂಡತಿಯ ಹೆಸರು, ಮದುವೆಯ ತಾರೀಖು, ಕಲ್ಯಾಣ ಮಂಟಪದ ಹೆಸರು. ಕೆಳಗೆ ಬರೆದಿದ್ದಾನೆ: 'ಅಕ್ಕಾ, ಉಳಿದದ್ದು ಹಳೇದರ ಹಾಗೇ.'

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಕೋರ್ಟಿನ ಎದುರಿನ ಟೈಪಿಸ್ಟ್